ಬ್ಯಾಕ್ಟೀರಿಯಾದ ಸುಳಿವು ಏಕಕೋಶ ಜೀವಿಗೆ ಸಿಗುವುದು ಹೇಗೆ?

ಕಣ್ಣು, ಮೂಗು, ನರ ಯಾವುದೂ ಇಲ್ಲದ ಏಕಕೋಶ ಜೀವಿಗೆ ಬ್ಯಾಕ್ಟೀರಿಯಾದ ಸುಳಿವು ಹೇಗೆ ಸಿಗುತ್ತದೆ, ಸಿಕ್ಕ ಮೇಲೆ ಅದು ಬೇಟೆಯ ಹೊರತು ಬೇರೇನಾದರೂ ಮಾಡುತ್ತದೆಯೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಬ್ಯಾಕ್ಟೀರಿಯಾದಿಂದ ಹೊರಬಿದ್ದ ಅಣು ಕೋಶಪೊರೆಯ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡೊಡನೆ ಕೋಶದೊಳಗೆ ರಾಸಾಯನಿಕ ಕ್ರಿಯೆಗಳ ಸರಣಿ ಆರಂಭವಾಗುತ್ತದೆ. ಮಣ್ಣಿನಲ್ಲಿರುವ ಡಿಕ್ಟಿಯೋಸ್ಟೀಲಿಯಮ್ ಎಂಬ ಅಮೀಬಾ ಫೋಲಿಕ್ ಆಮ್ಲದ ಜಾಡು ಹಿಡಿದು ಬ್ಯಾಕ್ಟೀರಿಯಾಗಳಿರುವ ಕಡೆಗೆ ತೆವಳುವುದು ಹೀಗೆಯೇ.

ನನಗೆ ಹೆಚ್ಚು ಮಹತ್ವದ್ದೆನಿಸುವುದು ನಿಮ್ಮ ಎರಡನೆಯ ಪ್ರಶ್ನೆ. ಪ್ರಾಣಿಗಳ ಅತಿ ಸಮೀಪದ ಏಕಕೋಶ ಬಂಧುಗಳಾದ ಕೊಯನೋಫ್ಲಾಜೆಲ್ಲೇಟ್‌ಗಳಲ್ಲಿ ಸಾಲ್ಪಿಂಗೀಕಾ ರೊಸೆಟ್ಟಾ ಎಂಬುದೊಂದಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡನೆಯ ಕೋಶ, ಅದಕ್ಕೊಂದು ಚಾವಟಿಯಂಥ ಕಶಾಂಗ, ಕಶಾಂಗದ ಬುಡದ ಸುತ್ತ ನವಿರಾದ ಎಳೆಗಳ ಕೊರಳಪಟ್ಟಿ ಕಾಣುತ್ತವೆ. ಕಶಾಂಗ ಬಡಿದಂತೆ ನೀರು ಸೆಳೆಯಲ್ಪಟ್ಟು ಬ್ಯಾಕ್ಟೀರಿಯಾಗಳು ಆ ಎಳೆಗಳಿಗೆ ಸಿಕ್ಕಿಬೀಳುತ್ತವೆ. ಈ ಜೀವಿ ಕೆಲವೊಮ್ಮೆ ಒಂಟಿಯಾಗಿರುತ್ತದೆ, ಕೆಲವೊಮ್ಮೆ ಕಶಾಂಗಗಳನ್ನು ಹೊರಚಾಚಿದ ಹೂವಿನಾಕಾರದ ಗುಂಪಾಗಿರುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿರುವ ಜೀವವಿಜ್ಞಾನಿ ನಿಕೋಲ್ ಕಿಂಗ್ ಅವರ ಪ್ರಯೋಗಾಲಯದಲ್ಲಿ ಆ್ಯಂಟಿಬಯೋಟಿಕ್ ಹಾಕಿ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಲು ಹೊರಟಾಗ, ಒಂದು ಪಾತ್ರೆಯಲ್ಲಿ ಈ ಗುಂಪುಗಳು ವಿಪರೀತ ಹೆಚ್ಚಿದವು, ಬೇರೆ ಔಷಧಮಿಶ್ರಣ ಹಾಕಿದ ಇನ್ನೊಂದರಲ್ಲಿ ಕೋಶಗಳು ಚೆನ್ನಾಗಿ ಬೆಳೆದರೂ ಗುಂಪು ಮಾತ್ರ ಕಾಣಲಿಲ್ಲ. ಅಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಒಂದೊಂದಾಗಿ ಸೇರಿಸಿ ನೋಡಿದಾಗ, 64ರಲ್ಲಿ ಆಲ್ಗೊರಿಫೇಗಸ್ ಒಂದೇ ಗುಂಪುಗಳನ್ನು ಮರಳಿ ತಂದಿತು. ಅದು ತಯಾರಿಸುವ ಗಂಧಕಯುಕ್ತ ಲಿಪಿಡ್ (ಕೊಬ್ಬಿನಂಥ ಅಣು) ಇದಕ್ಕೆ ಕಾರಣವೆಂದು 2012ರಲ್ಲಿ ಪ್ರಕಟವಾಯಿತು. ಆ ಲಿಪಿಡ್ ಫೆಮ್ಟೋಮೋಲಾರ್ ಪ್ರಮಾಣದಲ್ಲಿ, ಅಂದರೆ ಲೀಟರಿಗೆ ಒಂದು ಮೋಲ್‌ನ 10 ಕೋಟಿ ಕೋಟಿಯಲ್ಲೊಂದು ಪಾಲಿದ್ದರೂ, ಕೆಲಸ ಮಾಡುತ್ತದೆ!

ಇಲ್ಲಿ ಒಂದು ಎಚ್ಚರಿಕೆ ಬೇಕು. ಚದುರಿದ ಕೋಶಗಳು ಬಂದು ಸೇರಿ ಈ ಗುಂಪಾಗುವುದಿಲ್ಲ. ಒಂದೇ ಕೋಶ ಮತ್ತೆ ಮತ್ತೆ ವಿಭಜನೆಗೊಂಡು, ಮರಿಕೋಶಗಳು ಪೂರ್ತಿ ಬಿಡಿಸಿಕೊಳ್ಳದೆ ಉಳಿಯುತ್ತವೆ. ಬ್ಯಾಕ್ಟೀರಿಯಾದ ಅಣುವಿನಿಂದ ಬದಲಾಗುವುದು ಕೋಶದ ಬೆಳವಣಿಗೆಯ ಹಾದಿಯೇ ಹೊರತು ಚಲನೆಯ ದಿಕ್ಕಲ್ಲ. ಆ ಲಿಪಿಡ್ ಒಂದೇ ಇದ್ದರೆ ಪ್ರತಿಕ್ರಿಯೆ ದುರ್ಬಲ; ಅದೇ ಬ್ಯಾಕ್ಟೀರಿಯಾದ ಇತರ ಲಿಪಿಡ್‌ಗಳು ಜೊತೆಯಾದರೆ ಪೂರ್ಣಬಲ ಬರುತ್ತದೆ, ತಡೆಯೊಡ್ಡುವ ಲಿಪಿಡ್ ಕೂಡ ಅದರಲ್ಲಿಯೇ ಇದೆ.

2017ರಲ್ಲಿ ಇದೇ ಜೀವಿಯ ಬಗ್ಗೆ ಇನ್ನೊಂದು ಸಂಗತಿ ಹೊರಬಂದಿತು. ಹವಾಯಿಯ ಪುಟ್ಟ ಸ್ಕ್ವಿಡ್‌ನೊಳಗೆ ಬೆಳಕು ಸೂಸುವ ವಿಬ್ರಿಯೋ ಫಿಶರಿ ಬ್ಯಾಕ್ಟೀರಿಯಾ ಒಂದು ಕಿಣ್ವವನ್ನು ಸ್ರವಿಸುತ್ತದೆ. ಆ ಕಿಣ್ವ ಸಾಲ್ಪಿಂಗೀಕಾದ ಹೊರಗಿನ ಕಾಂಡ್ರಾಯ್ಟಿನ್ ಎಂಬ ಸಕ್ಕರೆ ಸರಪಳಿಗಳನ್ನು ಕತ್ತರಿಸಿದಾಗ, ಒಂಟಿ ಕೋಶಗಳು ಒಂದು ಗಂಟೆಯೊಳಗೆ ಮುತ್ತಿಕೊಂಡು ಹಿಂಡಾಗುತ್ತವೆ; ಇದು ಮೇಲೆ ಹೇಳಿದ ಹೂವಿನಾಕಾರದ ಗುಂಪಲ್ಲ. ಬಳಿಕ ಅವುಗಳಲ್ಲಿ ಕೆಲವು ಜೋಡಿಯಾಗಿ ಬೆಸೆದು, ತಳಿದ್ರವ್ಯವನ್ನು ಬೆರೆಸಿಕೊಳ್ಳುತ್ತವೆ.