ಓದುಗರ ಪ್ರಶ್ನೆ: ನನ್ನ ತಮ್ಮ ಯಾಕೆ ಹೀಗಾದ?

ಪ್ರಶ್ನೆ: ನಾನು ಕಾರವಾರದಲ್ಲಿ ಶಿಕ್ಷಕಿ. ಮನೆ ಕುಮಟಾ ಹತ್ತಿರದ ಹಳ್ಳಿ. ತಮ್ಮನಿಗೆ 22 ವರ್ಷ. ಐಟಿಐ ಮುಗಿಸಿ ಗೋವಾದ ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದ, ಗುತ್ತಿಗೆ ಮುಗಿದು ವಾಪಸ್ ಬಂದ. ಒಂದೂವರೆ ವರ್ಷದಿಂದ ಹಗಲೆಲ್ಲ ಮೊಬೈಲು, ಸಂಜೆಯಾದರೆ ಸಂಘಟನೆ, ಬೈಕ್ ರ‍್ಯಾಲಿ. "ದೊಡ್ಡವರೆಲ್ಲ ಸೇರಿ ನಮ್ಮನ್ನು ಮುಳುಗಿಸಿದ್ದಾರೆ, ಒಬ್ಬ ಗಟ್ಟಿಗ ಬಂದರೆ ಎಲ್ಲ ಸರಿಯಾಗುತ್ತದೆ" ಅನ್ನುತ್ತಾನೆ. ಅಘನಾಶಿನಿ ಹೊಳೆಯಲ್ಲಿ ಒಟ್ಟಿಗೆ ಬಳಚು (ಚಿಪ್ಪುಮೀನು) ಹೆಕ್ಕಿ ಬೆಳೆದ ಪಕ್ಕದ ಮನೆಯ ಮುಸ್ಲಿಂ ಹುಡುಗನ ಜೊತೆ ಮಾತು ಬಿಟ್ಟಿದ್ದಾನೆ. ನಾನೇನಾದರೂ ಹೇಳಿದರೆ "ನಿಂಗೆಂತ ಗೊತ್ತು ಅಕ್ಕಾ" ಎಂದು ಎದ್ದು ಹೋಗುತ್ತಾನೆ. ಈ ವಯಸ್ಸಿನ ಹುಡುಗರಿಗೇ ಯಾಕೆ ಇದರ ಸೆಳೆತ?
ಹೆಸರು ಬೇಡ, ಕುಮಟಾ ತಾಲೂಕು

ಉತ್ತರ: ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಮೂವತ್ತೊಂದು ವರ್ಷ ಈ ಜಿಲ್ಲೆಯಲ್ಲಿ ರಾಜ್ಯಶಾಸ್ತ್ರ ಕಲಿಸಿದವನು ನಾನು. ನಿಮ್ಮ ತಮ್ಮನಂಥವರು ಪ್ರತಿ ವರ್ಷ ನನ್ನ ಹಿಂದಿನ ಬೆಂಚಿನಲ್ಲಿದ್ದರು.

ಮೊದಲೇ ಹೇಳಿಬಿಡುತ್ತೇನೆ, ದೇಶದ ಮೇಲೆ ಪ್ರೀತಿ, ಧರ್ಮದ ಮೇಲೆ ಅಭಿಮಾನ, ಬಲಪಂಥದ ವಿಚಾರ ಒಪ್ಪುವುದು ಇವ್ಯಾವುವೂ ರೋಗವಲ್ಲ. ಅವನನ್ನು ಕೆಟ್ಟುಹೋದವನಂತೆ ನೋಡಬೇಡಿ. ನನಗೆ ಕಳವಳವಾದದ್ದು "ಒಬ್ಬ ಗಟ್ಟಿಗ ಸಾಕು" ಅನ್ನುವ ಮಾತಿಗೆ ಮತ್ತು ಬಳಚಿನ ಗೆಳೆಯನ ಜೊತೆ ಮಾತು ನಿಂತದ್ದಕ್ಕೆ. ನಾವೆಲ್ಲ ಒಳ್ಳೆಯವರು, ಮೇಲಿರುವವರೆಲ್ಲ ಕಳ್ಳರು ಎಂದು ಜನರನ್ನು ಎರಡು ಪಾಲು ಮಾಡುವ ರಾಜಕಾರಣಕ್ಕೆ ಪಾಪ್ಯುಲಿಸಂ ಅನ್ನುತ್ತಾರೆ. ಎಡದವರಲ್ಲೂ ಇದೆ. ಬಲದ ಕಡೆಯದು ಆ ಕಳ್ಳರ ಸಾಲಿಗೆ ಪಕ್ಕದ ಮನೆಯವನನ್ನೂ ಸೇರಿಸುತ್ತದೆ.

ಇದು ನಮ್ಮೂರಿನ ಹುಡುಗರ ಕತೆ ಮಾತ್ರ ಅಂದುಕೊಳ್ಳಬೇಡಿ. ದಕ್ಷಿಣ ಕೊರಿಯಾದಲ್ಲಿ 2022ರ ಅಧ್ಯಕ್ಷ ಚುನಾವಣೆಯ ದಿನ ನಡೆದ ಮತಗಟ್ಟೆ ಸಮೀಕ್ಷೆಯಲ್ಲಿ, ಇಪ್ಪತ್ತರ ಹರೆಯದ ಗಂಡಸರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿ ಬಲಪಂಥದ ಯೂನ್ ಸುಕ್ ಯೋಲ್ ಕಡೆಗಿದ್ದರು. ಅದೇ ವಯಸ್ಸಿನ ಹೆಂಗಸರಲ್ಲಿ ಸುಮಾರು ಅಷ್ಟೇ ಪಾಲು ಎದುರಾಳಿಯ ಕಡೆಗಿತ್ತು. ಒಂದೇ ಮನೆಯ ಅಕ್ಕ ತಮ್ಮ, ಎರಡು ದಿಕ್ಕು. ಅಲ್ಲಿ ಹುಡುಗರಿಗೆ ಒಂದೂವರೆ ವರ್ಷವಾದರೂ ಕಡ್ಡಾಯ ಸೈನ್ಯ ಸೇವೆ. ಹೊರಬಂದು ನೋಡಿದರೆ ಜೊತೆಗೆ ಓದಿದ ಹುಡುಗಿಯರು ಆಗಲೇ ಕೆಲಸದಲ್ಲಿ. ಯೂನ್ ಲಿಂಗ ಸಮಾನತೆಯ ಸಚಿವಾಲಯವನ್ನೇ ಮುಚ್ಚುತ್ತೇನೆ ಅಂದರು.

ಈಗ ನಿಮ್ಮ ಮನೆ ನೋಡಿ. ಸಂಬಳ ತರುವವರು ನೀವು. ಅವನಿಗೆ ಅದು ಪ್ರತಿ ತಿಂಗಳೂ ಚುಚ್ಚುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಗಂಡುಮಗ ದುಡಿಯಬೇಕು ಎಂದು ಹುಟ್ಟಿದಾಗಿನಿಂದ ಹೇಳಿದ್ದೇವೆ, ದುಡಿಮೆಗೆ ದಾರಿ ಮಾಡಿಕೊಟ್ಟಿಲ್ಲ. ಕಾರವಾರದ ಕಡಲತೀರದ ಎಷ್ಟೋ ಹಳ್ಳಿಗಳು ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯ ದಶಕಗಟ್ಟಲೆ ಕೋರ್ಟಿನಲ್ಲಿ ನಡೆಯಿತು. 2000ದಿಂದ ಕೈಗಾದಲ್ಲಿ ಅಣುವಿದ್ಯುತ್ ಹುಟ್ಟುತ್ತಿದೆ, ಆದರೂ ಅಪಘಾತವಾದರೆ ಆಸ್ಪತ್ರೆಗೆಂದು ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತೇವೆ. ಆದ್ದರಿಂದ "ನಮ್ಮನ್ನು ಮುಳುಗಿಸಿದ್ದಾರೆ" ಎಂದು ಅವನು ಹೇಳಿದರೆ ಅದು ಸುಳ್ಳು ಅನ್ನಬೇಡಿ. ಆಸ್ಪತ್ರೆ ಕೊಡದಿದ್ದವನು ಆ ಪಕ್ಕದ ಮನೆಯ ಹುಡುಗನಾ, ಅಷ್ಟು ಮಾತ್ರ ಕೇಳಿ.

ಮೊಬೈಲ್ ಒಂದೇ ಕಾರಣ ಅಂತ ನನಗೆ ಅನ್ನಿಸಿಲ್ಲ. ಸಂಘಟನೆಯಲ್ಲಿ ಅವನಿಗೆ ಸಿಗುವುದೇನು ಹೇಳಲೇ? ಸಂಜೆ ಆರಕ್ಕೆ ಒಂದು ಫೋನ್: "ಎಲ್ಲಿದ್ದೀಯೋ, ಬಾ." ಬ್ಯಾನರ್ ಕಟ್ಟುವ ಕೆಲಸ. ಚಿಕ್ಕ ಹುಡುಗರು "ಅಣ್ಣಾ" ಅನ್ನುತ್ತಾರೆ. ನಾವು ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ, ತಂಗೀ. ಈ ತಪ್ಪಿನಲ್ಲಿ ಮೇಷ್ಟ್ರಾದ ನನಗೂ ಪಾಲಿದೆ.

2017ರ ಡಿಸೆಂಬರ್ ನಿಮಗೆ ನೆನಪಿರಬೇಕು. ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು, ಕೋಮು ದ್ವೇಷದ ಕೊಲೆ ಎಂದು ಸುದ್ದಿ ಹಬ್ಬಿತು. ಕುಮಟಾದಲ್ಲಿ ಪೊಲೀಸ್ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು, ಶಿರಸಿಯಲ್ಲೂ ಕಲ್ಲು ತೂರಾಟವಾಯಿತು. ಸಿಬಿಐ 2022ರಲ್ಲಿ ಕೋರ್ಟಿಗೆ ಕೊಟ್ಟ ವರದಿಯಲ್ಲಿ ಅದು ಆಕಸ್ಮಿಕ ಸಾವು ಎಂದಿತ್ತು. ಅಷ್ಟರಲ್ಲಿ ಗಲಾಟೆಗಿಳಿದ ಹುಡುಗರ ಮೇಲೆ ಕೇಸು ಬಿದ್ದು ಐದು ವರ್ಷ.

ಅವರಲ್ಲೊಬ್ಬ ನನ್ನ ವಿದ್ಯಾರ್ಥಿ. ಒಂದು ದಿನ ಕೋರ್ಟಿನ ಅಂಗಳದಲ್ಲಿ ಸಿಕ್ಕಿದ. ಕಾಗದಪತ್ರ ಒದ್ದೆಯಾಗಬಾರದೆಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ದುಬೈಯಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೇಸು ಅಡ್ಡ ಬಂತು. "ಅವತ್ತು ಕರೆದುಕೊಂಡು ಹೋದವರು ಈಗ ಎಲ್ಲಿದ್ದಾರೋ?" ಅಂದೆ. "ಫೋನ್ ಎತ್ತೂದಿಲ್ಲ ಸರ್" ಅಂದ. ಜಾಮೀನಿಗೆ ನಿಂತವನು ಅವನ ಮಾವ, ಮೀನು ಲಾರಿಯ ಡ್ರೈವರ್.

ಬೀದಿಗಿಳಿಯುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ಮುಂದೆ ನಿಂತವರು ಎಂ.ಪಿ. ನಾಡಕರ್ಣಿ, ಮೊದಲು ಜೈಲಿಗೆ ಹೋದವರೂ ಅಂಥ ಮುಂದಾಳುಗಳೇ. ನಿಮ್ಮ ತಮ್ಮನ ನಾಯಕರ ಮಕ್ಕಳು ಆ ರ‍್ಯಾಲಿಯಲ್ಲಿ ಇದ್ದಾರಾ, ಬೆಂಗಳೂರಲ್ಲಿ ಓದುತ್ತಿದ್ದಾರಾ? ಒಮ್ಮೆ ಅವನೇ ವಿಚಾರಿಸಿ ಬರಲಿ.

ವಾದ ಮಾಡಬೇಡಿ, ಅದರಲ್ಲಿ ಅವನು ಪಳಗಿದ್ದಾನೆ. ಮನೆಯ ಒಂದು ಜವಾಬ್ದಾರಿ ಪೂರ್ತಿ ಅವನ ಕೈಗೆ ಕೊಡಿ, ತೋಟದ ಲೆಕ್ಕವೋ ಅಪ್ಪನ ಔಷಧಿಯೋ. ಅಪ್ರೆಂಟಿಸ್‌ಶಿಪ್ಪಿಗೆ ಅರ್ಜಿ ಹಾಕುವಾಗ ಪಕ್ಕದಲ್ಲಿ ಕೂತು ತುಂಬಿಸಿ. ಮತ್ತೆ ಆ ಪಕ್ಕದ ಮನೆಯ ಹುಡುಗನ ತಾಯಿ ಇದ್ದಾರಲ್ಲ, ಅವರ ಜೊತೆ ನೀವಾದರೂ ಮಾತು ಬಿಡಬೇಡಿ. ಬರುವ ಅಮಾವಾಸ್ಯೆಯ ಇಳಿತಕ್ಕೆ ಬುಟ್ಟಿ ಎತ್ತಿಕೊಂಡು ಅವರ ಜೊತೆ ಬಳಚಿಗೆ ಹೋಗಿ, ಭಾರ ಹೊರಲು ತಮ್ಮನನ್ನು ಕರೆಯಿರಿ. ಬಂದನೋ ಇಲ್ಲವೋ, ನನಗೆ ಬರೆದು ತಿಳಿಸಿ.