ಅರ್ಧ ಆದ ಫ್ಲೈಟ್ ಸಿಮ್ ಡೆಮೊ ಈಗಲೇ ಬಿಡಬಹುದಾ?

ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ಎದ್ದು ನಂದಿ ಬೆಟ್ಟ ಸುತ್ತಿ ಬರುವ ಸೆಸ್ನಾ 172 (ಪುಟ್ಟ ಒಂಟಿ ಎಂಜಿನ್ ವಿಮಾನ) ಸಿಮ್ಯುಲೇಟರ್ ಅರ್ಧಕ್ಕೆ ಬಂದಿದೆ, ಎಟಿಸಿ (ಪೈಲಟ್ ಜೊತೆ ರೇಡಿಯೊದಲ್ಲಿ ಮಾತಾಡುವ ಕಂಟ್ರೋಲ್ ಟವರ್) ಇಲ್ಲ, ಮಳೆ ಮೋಡ ಇಲ್ಲ, ಡೆಮೊ ಈಗ ಬಿಡಲಾ ಇಲ್ಲ ಎಲ್ಲ ಮುಗಿದ ಮೇಲಾ ಅಂತ ಕೇಳಿದ್ದೀರಿ. ಈಗಲೇ ಬಿಡಿ. ಎಟಿಸಿ ಇಲ್ಲ ಅಂತ ಯಾರೂ ಬೈಯುವುದಿಲ್ಲ. ಆದರೆ ಒಂದು ಹಾರಾಟ ಪೂರ್ತಿ ಇರಬೇಕು. ಎಂಜಿನ್ ಸ್ಟಾರ್ಟ್ ಮಾಡಿ, ಏರಿ, ಒಂದು ಸುತ್ತು ಹಾಕಿ, ಅದೇ ರನ್‌ವೇಯಲ್ಲಿ ಇಳಿದು ನಿಲ್ಲುವವರೆಗೆ ಏನೂ ಕೈಕೊಡಬಾರದು. ಮಿಕ್ಕಿದ್ದನ್ನೆಲ್ಲ ಡೆಮೊದಿಂದ ತೆಗೆದೇಬಿಡಿ. ‘ಶೀಘ್ರದಲ್ಲೇ ಬರಲಿದೆ’ ಅಂತ ಮೆನು ತುಂಬ ಮಂಕು ಬಟನ್ ಸಾಲು ನಿಲ್ಲಿಸಬೇಡಿ. ಎಕ್ಸ್-ಪ್ಲೇನ್ 11 ಅನ್ನುವ ಫ್ಲೈಟ್ ಸಿಮ್‌ನ ಡೆಮೊ ಅಮೆರಿಕದ ಸಿಯಾಟಲ್ ಸುತ್ತ ಮಾತ್ರ ಇತ್ತು, ಅದೂ ಹದಿನೈದು ನಿಮಿಷ. ಜನ ಅಷ್ಟರಲ್ಲೇ ಕೊಳ್ಳಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತಿದ್ದರು.

ಸಿಮ್ ಆಡುವವರ ಕಣ್ಣು ಮೊದಲು ಹೋಗುವುದು ಸ್ಪೀಡ್ ಮುಳ್ಳಿನ ಕಡೆಗೆ. ಗೇಮ್ ಎಂಜಿನ್ (ಗೇಮ್ ಓಡಿಸುವ ಸಾಫ್ಟ್‌ವೇರ್) ಕೊಡುವ ವೇಗವನ್ನೇ ನೇರ ಡಯಲ್‌ಗೆ ಹಾಕಿದ್ದೀರಾ ನೋಡಿ. ನಿಜವಾದ ಮುಳ್ಳು ಗಾಳಿಯ ಒತ್ತಡದಿಂದ ತಿರುಗುತ್ತದೆ. ಮೇಲೆ ಹೋದಷ್ಟೂ ಗಾಳಿ ತೆಳು, ಮುಳ್ಳು ಕಡಿಮೆ ತೋರಿಸುತ್ತದೆ. ನಂದಿ ಬೆಟ್ಟದ ಮೇಲೆ 6000 ಅಡಿಯಲ್ಲಿ ಮುಳ್ಳು 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ಅಂದರೆ ವಿಮಾನ ಹೋಗುತ್ತಿರುವುದು ಸುಮಾರು 109. ಜಕ್ಕೂರೇ 3000 ಅಡಿ ಆಸುಪಾಸಿನಲ್ಲಿದೆ. ಸಮುದ್ರ ಮಟ್ಟದ ಲೆಕ್ಕ ಹಾಕಿದರೆ ನಿಮ್ಮ ವಿಮಾನ ಸುಮ್ನೆ ಬೇಗ ಎದ್ದುಬಿಡುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ. ವಿಮಾನದ ಎಂಜಿನ್ ಆಫ್ ಮಾಡಿ, ಸೆಸ್ನಾದ 172ಎಸ್ ಮಾದರಿ ಆದರೆ 68 ನಾಟ್‌ನಲ್ಲಿ ಹಿಡಿದುಕೊಳ್ಳಿ, ಗಾಳಿ ಇಲ್ಲದಿರಲಿ. 1000 ಅಡಿ ಇಳಿಯುವಷ್ಟರಲ್ಲಿ ಹೆಚ್ಚುಕಮ್ಮಿ ಒಂದೂವರೆ ನಾಟಿಕಲ್ ಮೈಲಿ ಹೋಗಬೇಕು. ಮೂರು ಮೈಲಿ ಹೋದರೆ ಡ್ರ್ಯಾಗ್ (ಗಾಳಿಯ ಎಳೆತ) ಸಾಲದು. ಇಂಥ ವಿಮಾನವನ್ನು ಇಳಿಸಲು ಹೋದರೆ ರನ್‌ವೇ ಮೇಲೆ ತೇಲುತ್ತಲೇ ಇರುತ್ತದೆ, ಆಡುವವನು ತನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಡಿಲೀಟ್ ಮಾಡುತ್ತಾನೆ.

ಕಾಕ್‌ಪಿಟ್ ನಡುಗುತ್ತದೆ ಅಂದಿದ್ದೀರಲ್ಲ, ಅದು ಗ್ರಾಫಿಕ್ಸ್ ಕಾರ್ಡ್ ತಪ್ಪಲ್ಲ. ಯಾವ ವಸ್ತು ಎಲ್ಲಿದೆ ಅನ್ನುವುದನ್ನು ಗೇಮ್ ಎಂಜಿನ್‌ಗಳು ಸಾಮಾನ್ಯವಾಗಿ 32 ಬಿಟ್ ಫ್ಲೋಟ್‌ನಲ್ಲಿ ಇಡುತ್ತವೆ, ಅಂದರೆ ಸಂಖ್ಯೆ ದೊಡ್ಡದಾದಷ್ಟೂ ನಿಖರತೆ ಕಡಿಮೆಯಾಗುವ ದಶಮಾಂಶ ಸಂಖ್ಯೆಯಲ್ಲಿ. ಶುರುವಿನ ಬಿಂದುವಿನಿಂದ 32 ಕಿ.ಮೀ. ಚಿಲ್ಲರೆ ದಾಟಿದರೆ ಅದರ ಅತಿ ಸಣ್ಣ ಹೆಜ್ಜೆಯೇ ಸುಮಾರು 4 ಮಿ.ಮೀ. ನಂದಿ ಅಷ್ಟು ದೂರದಲ್ಲೇ ಇದೆ. ಕಣ್ಣಿನ ಮುಂದಿರುವ ಮುಳ್ಳು 4 ಮಿ.ಮೀ. ಹಾರಿ ಹಾರಿ ಕೂತರೆ ನಡುಗಿದಂತೆ ಕಾಣದೆ ಇರುತ್ತದಾ? ವಿಮಾನ ಕೆಲವು ಕಿ.ಮೀ. ಹೋದಾಗಲೆಲ್ಲ ಇಡೀ ಜಗತ್ತನ್ನು ಹಿಂದಕ್ಕೆ ಸರಿಸಿ ವಿಮಾನವನ್ನು ಸೊನ್ನೆಗೆ ತನ್ನಿ. ಫ್ಲೋಟಿಂಗ್ ಒರಿಜಿನ್ ಅಂತ ಹುಡುಕಿದರೆ ಕೋಡ್ ಸಿಗುತ್ತದೆ. ಇದನ್ನು ಮಾಡದೆ ಮಾತ್ರ ಡೆಮೊ ಬಿಡಬೇಡಿ.

ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಮಾನ ನಿಂತಲ್ಲೇ ಕುಪ್ಪಳಿಸುತ್ತಿದ್ದರೆ ಫಿಸಿಕ್ಸ್ (ವಿಮಾನದ ಚಲನೆಯ ಲೆಕ್ಕ) ಫ್ರೇಮ್ ರೇಟ್‌ಗೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೋ ಅದಕ್ಕೆ, ಅಂಟಿಕೊಂಡಿದೆ ಅಂತ ಅರ್ಥ. ಚಕ್ರದ ಸ್ಪ್ರಿಂಗ್ ಬಲು ಗಡುಸು, ಫ್ರೇಮ್ ಇಳಿದರೆ ಲೆಕ್ಕ ಹದ ತಪ್ಪುತ್ತದೆ. ಫಿಸಿಕ್ಸ್ ಬೇರೆ ಮಾಡಿ, ಸೆಕೆಂಡಿಗೆ 120 ಸಲ ಓಡಿಸಿ. ಹಾರಾಟದ ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರ್ ಜೆಎಸ್‌ಬಿಸಿಮ್ ಕೂಡ ಮಾಮೂಲಿಯಾಗಿ ಅಷ್ಟೇ ಸಲ ಲೆಕ್ಕ ಹಾಕುತ್ತದೆ.

ನೆಲಕ್ಕೆ ಎಸ್‌ಆರ್‌ಟಿಎಂ (ನಾಸಾ ಷಟಲ್‌ನಿಂದ ಅಳೆದ ಭೂಮಿಯ ಎತ್ತರ) ಎತ್ತರದ ಡೇಟಾ ಬಳಸಿದ್ದೀರಿ, ಸರಿ, ಅದು ಉಚಿತ. ರನ್‌ವೇ ಇರುವ ಕಡೆ ಮಾತ್ರ ಕೈಯಿಂದ ಮಟ್ಟ ಮಾಡಿ. ಗೂಗಲ್ ಉಪಗ್ರಹ ಚಿತ್ರ ಎತ್ತಿ ಹಾಕಬೇಡಿ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಸಾಕು, ಕ್ರೆಡಿಟ್ ಹಾಕಿದರಾಯಿತು. ಅಂದಹಾಗೆ ನಂದಿಗೆ ಹೋಗುವ ದಾರಿಯ ಬಲಕ್ಕೆ ಕೆಂಪೇಗೌಡ ಏರ್‌ಪೋರ್ಟ್ ಕಾಣುತ್ತದೆ. 4000 ಮೀಟರ್ ರನ್‌ವೇ ಕಂಡಮೇಲೆ ಅಲ್ಲಿ ಇಳಿಯದೆ ಬಿಡುವವರು ಯಾರು! ಅಲ್ಲಿ ಬರೀ ಚಿತ್ರ ಅಂಟಿಸಿದ್ದರೆ ಮೊದಲ ವಿಡಿಯೊ ಅದರದ್ದೇ ಬರುತ್ತದೆ. ರನ್‌ವೇಯಷ್ಟಾದರೂ ಮಾಡಿ, ಇಲ್ಲದಿದ್ದರೆ ಡೆಮೊವನ್ನು ಜಕ್ಕೂರಿನ ಸುತ್ತ ಮಾತ್ರ ಇಡಿ.

ನಮ್ಮಲ್ಲಿ ಜಾಯ್‌ಸ್ಟಿಕ್ ಇರುವವರು ಕಮ್ಮಿ, ಕೀಬೋರ್ಡ್‌ನವರೇ ಜಾಸ್ತಿ. ಕೀ ಒತ್ತಿದ ತಕ್ಷಣ ಎಲಿವೇಟರ್ (ಮೂತಿ ಎತ್ತಿ ಇಳಿಸುವ ಬಾಲದ ಪಟ್ಟಿ) ಪೂರ್ತಿ ಎದ್ದರೆ ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಅರ್ಧ ಸೆಕೆಂಡ್ ತೆಗೆದುಕೊಂಡು ಮೆಲ್ಲಗೆ ಏರಲಿ. ಜಾಯ್‌ಸ್ಟಿಕ್‌ನವರಿಗೆ ದಿಕ್ಕು ಉಲ್ಟಾ ಮಾಡುವ ಟಿಕ್ ಮತ್ತು ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಡೆಡ್ ಝೋನ್ ಇದ್ದರೆ ಸಾಕು.

ಎಲ್ಲಿ ಹಾಕುವುದು? ಮೊದಲು ಇಚ್.ಐಒ (itch.io) ಅನ್ನುವ ಗೇಮ್ ತಾಣ. ದುಡ್ಡಿಲ್ಲ, ಪಾಸ್‌ವರ್ಡ್ ಇಟ್ಟು ಗೊತ್ತಿರುವವರಿಗೆ ಮಾತ್ರ ಕೊಡಬಹುದು. ಸ್ಟೀಮ್ ಅನ್ನುವ ದೊಡ್ಡ ಗೇಮ್ ಅಂಗಡಿಯಲ್ಲಿ ಒಂದು ಗೇಮ್‌ಗೆ 100 ಡಾಲರ್ ಕಟ್ಟಬೇಕು. ಅಲ್ಲಿ ನಡೆಯುವ ಡೆಮೊಗಳ ಹಬ್ಬ ನೆಕ್ಸ್ಟ್ ಫೆಸ್ಟ್‌ಗೆ ಒಂದು ಗೇಮ್‌ಗೆ ಒಂದೇ ಸಲ ಅವಕಾಶ, ಅದನ್ನು ಈ ಡೆಮೊಗೆ ಖರ್ಚು ಮಾಡಬೇಡಿ. ಡಿಜಿಟಲ್ ಸಹಿ ಇಲ್ಲದ ಇಎಕ್ಸ್‌ಇ ಫೈಲ್‌ಗೆ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸುತ್ತದೆ. ಅದು ಬಂದರೆ ಏನು ಒತ್ತಬೇಕು ಅಂತ ಡೌನ್‌ಲೋಡ್ ಪುಟದಲ್ಲೇ ಬರೆದಿಡಿ, ಇಲ್ಲದಿದ್ದರೆ ವೈರಸ್ ಅಂತಾರೆ.

‘ಹೇಗಿದೆ ಹೇಳಿ’ ಅಂತ ಕೇಳಿದರೆ ‘ಸೂಪರ್’ ಅಂತಷ್ಟೇ ಬರುತ್ತದೆ. ಗೇಮ್ ಮುಚ್ಚುವಾಗ ಮೂರೇ ಪ್ರಶ್ನೆ ಕೇಳಿ: ಇಳಿಸಲು ಆಯಿತಾ, ಯಾವುದರಿಂದ ಹಾರಿಸಿದಿರಿ, ಎಲ್ಲಿ ಬೇಸರ ಬಂದು ಬಿಟ್ಟಿರಿ. ಲಾಗ್ ಫೈಲ್ ಕಳಿಸುವ ಬಟನ್ ಪಕ್ಕದಲ್ಲೇ ಇರಲಿ. ಲಿಂಕ್ ಇಲ್ಲಿ ಹಾಕಿ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಹೇಳುತ್ತೇನೆ.