ಓದುಗರ ಪ್ರಶ್ನೆ: ಕಡಲ ಕೆಸರಿನ ಚಿಪ್ಪಿಗೆ ಮಳೆಗಾಲದ ಲೆಕ್ಕ ಹೇಗೆ ಗೊತ್ತು?

ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಸಮುದ್ರದ ತಳದ ಕೆಸರಿನಲ್ಲಿ ಸಿಗುವ ಪುಟ್ಟ ಚಿಪ್ಪುಗಳನ್ನು ನೋಡಿ ಸಾವಿರಾರು ವರ್ಷ ಹಿಂದಿನ ಮುಂಗಾರು ಹೇಗಿತ್ತು ಎಂದು ತಿಳಿಯಬಹುದು ಅಂತ. ನಿಜ ಹೇಳಬೇಕೆಂದರೆ ಪುಟದಲ್ಲಿ ಜಾಗ ಉಳಿದಿತ್ತು, ಅದಕ್ಕೆ ಸೇರಿಸಿದ ಸಾಲು ಅದು. ನೋಡಿದರೆ ಅದಕ್ಕೇ ಜಾಸ್ತಿ ಪತ್ರ ಬಂದಿವೆ! ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಈ ಸಲ ಇದೊಂದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ಚಿಪ್ಪು ಎಂದರೆ ನಮಗೆ ಮರುವಾಯಿ. ನೀವು ಹೇಳುವ ಚಿಪ್ಪು ಯಾವುದು? ಅದರ ಒಳಗಿರುವ ಪ್ರಾಣಿ ಯಾವುದು? (ಉಡುಪಿಯ ಓದುಗರು)

ಮರುವಾಯಿಗೂ ಇದಕ್ಕೂ ನಂಟಿಲ್ಲ. ಇದರ ಹೆಸರು ಫೊರಾಮಿನಿಫೆರಾ, ಲ್ಯಾಬಿನಲ್ಲಿ ಎಲ್ಲರೂ ಚಿಕ್ಕದಾಗಿ ಫೋರಾಮ್ ಎನ್ನುತ್ತಾರೆ. ಪ್ರಾಣಿ ಎನ್ನುವಷ್ಟು ದೊಡ್ಡದೂ ಅಲ್ಲ, ಒಂದೇ ಕೋಶದ ಜೀವಿ. ಶಾಲೆಯಲ್ಲಿ ಓದಿದ ಅಮೀಬಾ ನೆನಪಿದೆಯಾ? ಹೆಚ್ಚುಕಮ್ಮಿ ಹಾಗೇ, ಆದರೆ ಇದು ತನ್ನ ಸುತ್ತ ಒಂದು ಚಿಪ್ಪು ಕಟ್ಟಿಕೊಳ್ಳುತ್ತದೆ. ನಾವು ಇಲ್ಲಿ ಮಾತಾಡುತ್ತಿರುವುದು ಸುಣ್ಣದ ಚಿಪ್ಪಿನವುಗಳ ಬಗ್ಗೆ. ಬೆಳೆದ ಹಾಗೆ ಒಂದು ಕೋಣೆಗೆ ಇನ್ನೊಂದು ಕೋಣೆ ಸೇರಿಸುತ್ತಾ ಹೋಗುತ್ತದೆ, ಮಕ್ಕಳು ದೊಡ್ಡವರಾದ ಮೇಲೆ ಮನೆಗೆ ರೂಮು ಏರಿಸಿದ ಹಾಗೆ. ಹೆಚ್ಚಿನವು ಚಿರೋಟಿ ರವೆಯ ಕಾಳಿನಷ್ಟಿರುತ್ತವೆ.

ಕೆಲವು ನೀರಿನ ಮೇಲ್ಪದರದಲ್ಲಿ ತೇಲುತ್ತಾ ಬದುಕುತ್ತವೆ, ಇವುಗಳಲ್ಲಿ ಸುಮಾರು ಐವತ್ತು ಜಾತಿ. ತಳದಲ್ಲೇ ಇರುವವು ಸಾವಿರಾರು ಜಾತಿ. ತೇಲುವವುಗಳ ಆಯಸ್ಸು ಕೆಲವು ವಾರ ಅಷ್ಟೆ. ಸತ್ತ ಮೇಲೆ ಚಿಪ್ಪು ಕೆಳಗಿಳಿದು ಕೆಸರಿನಲ್ಲಿ ಕೂರುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಆಳ ಸಮುದ್ರದಲ್ಲಿ ಹೀಗೆ ಕೆಲವು ಸೆಂಟಿಮೀಟರ್ ಕೆಸರು ಕೂರಲು ಸಾವಿರ ವರ್ಷ ಬೇಕು. 1872ರಿಂದ 1876ರವರೆಗೆ ಕಡಲುಗಳನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗಿನವರು ತಳದ ಮಣ್ಣನ್ನು ಎತ್ತಿ ನೋಡಿದಾಗ ಎಷ್ಟೋ ಕಡೆ ಅದು ಮಣ್ಣೇ ಆಗಿರಲಿಲ್ಲ, ಬರೀ ಈ ಚಿಪ್ಪುಗಳ ಹಿಟ್ಟು.

ದೊಡ್ಡವೂ ಇವೆ. ಗೀಝಾದ ಪಿರಮಿಡ್ಡಿನ ಸುಣ್ಣದ ಕಲ್ಲಿನಲ್ಲಿ ನಾಣ್ಯದಂಥ ಫೋರಾಮ್‌ಗಳು ತುಂಬಿವೆ. ಪಿರಮಿಡ್ ಕಟ್ಟಿದ ಕೆಲಸಗಾರರು ಉಂಡು ಬಿಟ್ಟ ಬೇಳೆಕಾಳು ಕಲ್ಲಾಗಿದೆ ಅಂತ ಅಲ್ಲಿನ ಜನ ಹೇಳುತ್ತಿದ್ದುದನ್ನು ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿಟ್ಟಿದ್ದಾನೆ.

ಪ್ರಶ್ನೆ: ಮಗಳು ಜಪಾನಿನ ಓಕಿನಾವಾದಿಂದ ಒಂದು ಪುಟ್ಟ ಸೀಸೆ ಮರಳು ತಂದಿದ್ದಾಳೆ. ಪ್ರತಿ ಕಾಳೂ ನಕ್ಷತ್ರದ ಆಕಾರ! ಮೆಷಿನ್ನಿನಲ್ಲಿ ಮಾಡಿದ್ದಾ? (ಬೆಂಗಳೂರಿನ ಗೃಹಿಣಿ)

ಅಲ್ಲ, ಅದೂ ಫೋರಾಮ್ ಚಿಪ್ಪೇ. ಹವಳದ ದಿಬ್ಬದ ಮೇಲಿನ ಪಾಚಿಗೆ ಅಂಟಿಕೊಂಡು ಬದುಕುವ ಜಾತಿ. ಸೀಸೆ ಜೋಪಾನ, ಲೆನ್ಸ್ ಸಿಕ್ಕರೆ ಒಮ್ಮೆ ನೋಡಿ.

ಪ್ರಶ್ನೆ: ಚಿಪ್ಪಿನಿಂದ ಹಳೇ ಕಾಲದ ನೀರಿನ ಬಿಸಿ ಹೇಗೆ ಅಳೆಯುತ್ತಾರೆ? ಅದರೊಳಗೆ ಥರ್ಮಾಮೀಟರ್ ಇದೆಯಾ ಸಾರ್? (ದಾವಣಗೆರೆಯ ಬಿ.ಎಸ್ಸಿ. ವಿದ್ಯಾರ್ಥಿ)

ನೀವು ತಮಾಷೆಗೆ ಕೇಳಿದ್ದೀರಿ, ಆದರೆ ಇದೆ. ಸುಣ್ಣದಲ್ಲಿ ಆಮ್ಲಜನಕ ಇರುತ್ತದೆ. ಆಮ್ಲಜನಕದಲ್ಲಿ ಹಗುರದ್ದು ಒಂದು, ತೂಕ 16. ಭಾರದ್ದು ಇನ್ನೊಂದು, ತೂಕ 18. ನೀರು ತಣ್ಣಗಿದ್ದಷ್ಟೂ ಚಿಪ್ಪಿನೊಳಗೆ ಭಾರದ ಆಮ್ಲಜನಕದ ಪಾಲು ಚೂರು ಜಾಸ್ತಿ ಸೇರುತ್ತದೆ. ಚೂರು ಅಂದರೆ ನಿಜಕ್ಕೂ ಚೂರು: ನಾಲ್ಕೈದು ಡಿಗ್ರಿ ತಣ್ಣಗಾದರೆ ಸಾವಿರಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸ. ಹೀಗೆ ಅಳೆಯಬಹುದು ಎಂಬ ಲೆಕ್ಕವನ್ನು 1947ರಲ್ಲಿ ಮುಂದಿಟ್ಟವರು ಷಿಕಾಗೋದ ಹೆರಾಲ್ಡ್ ಯೂರಿ. ಅದೇ ಊರಿನಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯ ಚೆಸಾರೆ ಎಮಿಲಿಯಾನಿ ಕಡಲ ಕೆಸರಿನ ಫೋರಾಮ್‌ಗಳನ್ನು ಪದರ ಪದರವಾಗಿ ಅಳೆದು 1955ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರ, ಹಗುರ, ಮತ್ತೆ ಭಾರ, ಮತ್ತೆ ಹಗುರ. ಅಂದರೆ ಹಿಮಯುಗ ಒಂದೆರಡು ಸಲವಲ್ಲ, ಮತ್ತೆ ಮತ್ತೆ ಬಂದು ಹೋಗಿದೆ.

ಈಗ ಗಂಟು ಬರುತ್ತದೆ, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಇದೇ. ಸಮುದ್ರದ ನೀರು ಆವಿಯಾಗುವಾಗ ಹಗುರದ ಆಮ್ಲಜನಕ ಸುಲಭವಾಗಿ ಮೇಲೇಳುತ್ತದೆ. ಆ ಆವಿ ಉತ್ತರದ ನಾಡುಗಳಲ್ಲಿ ಹಿಮವಾಗಿ ಬಿದ್ದು, ಕರಗದೆ ಗುಡ್ಡೆಯಾಗಿ ಅಲ್ಲೇ ಉಳಿದರೆ? ಹಗುರದ್ದು ಹಿಮದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಕಡಲಿನಲ್ಲಿ ಭಾರದ್ದರ ಪಾಲು ಏರುತ್ತದೆ. ಅಂಥ ನೀರಿನಲ್ಲಿ ಕಟ್ಟಿದ ಚಿಪ್ಪೂ ಭಾರವೇ. ಹಾಗಾದರೆ ಚಿಪ್ಪು ಭಾರವಾಗಿದೆ ಎಂದರೆ ನೀರು ತಣ್ಣಗಾಯಿತು ಅಂತಲೋ, ನೆಲದ ಮೇಲೆ ಹಿಮ ಬೆಳೆಯಿತು ಅಂತಲೋ?

ಕರೆಂಟ್ ಬಿಲ್ ಇದ್ದಕ್ಕಿದ್ದ ಹಾಗೆ ಜಾಸ್ತಿ ಬಂತು ಅಂದುಕೊಳ್ಳಿ. ಗೀಸರ್ ಹೆಚ್ಚು ಉರಿಸಿದಿರೋ, ಯೂನಿಟ್ ದರವೇ ಏರಿತೋ? ಮೊತ್ತ ಒಂದನ್ನೇ ನೋಡಿದರೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಗೀಸರ್ ಇಲ್ಲದ ಮನೆ ಇದೆಯಾ ನೋಡಿ, ಅವರ ಬಿಲ್ಲೂ ನಿಮ್ಮಷ್ಟೇ ಏರಿದ್ದರೆ ಏರಿದ್ದು ದರ. ಕೇಂಬ್ರಿಜ್‌ನ ನಿಕೋಲಸ್ ಶ್ಯಾಕಲ್ಟನ್ 1967ರಲ್ಲಿ ಮಾಡಿದ್ದು ಇದನ್ನೇ. ಅವರು ಹುಡುಕಿದ ಗೀಸರ್ ಇಲ್ಲದ ಮನೆ ಯಾವುದೆಂದರೆ ಸಮುದ್ರದ ತಳ. ಆಳದ ನೀರು ಈಗಲೇ ಒಂದೆರಡು ಡಿಗ್ರಿಯಲ್ಲಿದೆ, ಅದು ಇನ್ನೂ ಐದಾರು ಡಿಗ್ರಿ ತಣ್ಣಗಾಗಲು ಸಾಧ್ಯವೇ ಇಲ್ಲ, ಹೆಪ್ಪುಗಟ್ಟಿಬಿಡುತ್ತದೆ. ಆದರೂ ಹಿಮಯುಗದಲ್ಲಿ ತಳದ ಫೋರಾಮ್‌ಗಳ ಭಾರವೂ ಹೆಚ್ಚುಕಮ್ಮಿ ಮೇಲೆ ತೇಲುತ್ತಿದ್ದವುಗಳಷ್ಟೇ ಏರಿತ್ತು. ಹಾಗಾಗಿ ಏರಿಳಿತದ ದೊಡ್ಡ ಪಾಲು ಬಿಸಿಯದ್ದಲ್ಲ, ಹಿಮದ್ದು. ಎಮಿಲಿಯಾನಿ ಅಳೆದದ್ದು ಸರಿಯಾಗಿಯೇ ಇತ್ತು, ಅದನ್ನು ಬಹುಪಾಲು ಬಿಸಿಯ ಲೆಕ್ಕವೆಂದು ಓದಿದ್ದು ಮಾತ್ರ ಅರ್ಧ ತಪ್ಪಿತ್ತು. (ಶ್ಯಾಕಲ್ಟನ್‌ಗೆ ಕ್ಲಾರಿನೆಟ್ ಹುಚ್ಚು. ನುಡಿಸುತ್ತಿದ್ದರು, ರಾಶಿಗಟ್ಟಲೆ ಹಳೇ ಕ್ಲಾರಿನೆಟ್ ಕೂಡಿಸಿದ್ದರು.)

ಈಗ ಇನ್ನೊಂದು ದಾರಿಯೂ ಇದೆ. ನೀರು ಬೆಚ್ಚಗಿದ್ದರೆ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಂ ಜಾಸ್ತಿ ಸೇರುತ್ತದೆ, ಅದಕ್ಕೆ ಹಿಮದ ಗೊಡವೆ ಇಲ್ಲ. ಒಂದೇ ಮಾದರಿಯಲ್ಲಿ ಎರಡನ್ನೂ ಅಳೆದರೆ ಬಿಸಿಯ ಪಾಲನ್ನು ಕಳೆದು ಉಳಿದದ್ದನ್ನು ನೋಡಬಹುದು. ಸುಮಾರು 20,000 ವರ್ಷದ ಹಿಂದೆ ಹಿಮದಲ್ಲಿ ಎಷ್ಟು ನೀರು ಕೂತಿತ್ತೆಂದರೆ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಮಲ್ಪೆಯಲ್ಲಿ ನಿಂತಿದ್ದರೆ ಎದುರಿಗೆ ಕಡಲು ಇರುತ್ತಿರಲಿಲ್ಲ, ಅದು ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ಆಚೆ.

ಪ್ರಶ್ನೆ: ಬಿಸಿ, ಹಿಮ ಸರಿ. ಮುಂಗಾರು ಎಲ್ಲಿಂದ ಬಂತು? ಮಳೆ ಬೀಳುವುದು ನೆಲದ ಮೇಲೆ, ಚಿಪ್ಪು ಇರುವುದು ನೀರಿನ ಕೆಳಗೆ. (ಮಲ್ಪೆ, ಬೋಟಿನವರು)

ನಿಮಗೆ ಹೇಳಿಕೊಡಬೇಕಾ, ಮಳೆಗಿಂತ ಮೊದಲು ಗಾಳಿ ಬರುತ್ತದೆ. ಜೂನ್‌ನಲ್ಲಿ ಸೊಮಾಲಿಯಾ ಕಡೆಯಿಂದ ಹೊರಟ ಜೋರು ಗಾಳಿ ಒಮಾನ್ ದಡಕ್ಕೆ ಸಮಾನಾಂತರವಾಗಿ ಬೀಸುತ್ತದೆ. ಭೂಮಿ ತಿರುಗುವ ಕಾರಣ ಮೇಲಿನ ನೀರು ಗಾಳಿಯ ಬಲಕ್ಕೆ ಸರಿದು ದಡದಿಂದ ದೂರ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನಿಂದ ತಣ್ಣನೆಯ, ಗೊಬ್ಬರದಂಥ ಸತ್ವ ತುಂಬಿದ ನೀರು ಮೇಲೇಳುತ್ತದೆ. ಸುಡುವ ಮರಳುಗಾಡಿನ ಪಕ್ಕದಲ್ಲೇ ತಣ್ಣನೆಯ ಕಡಲು! ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ತಳದ ನೀರು ಮೇಲೆ ಬರುತ್ತದೆ, ಒಮಾನ್‌ನಷ್ಟು ಜೋರಾಗಿ ಅಲ್ಲ.

ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಫೋರಾಮ್ ಇದೆ. ಅದರ ತವರು ತಣ್ಣನೆಯ ಕಡಲುಗಳು. ಉಷ್ಣವಲಯದ ಬೆಚ್ಚನೆ ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ ಒಮಾನ್ ಹತ್ತಿರ ಮುಂಗಾರಿನಲ್ಲಿ ಗುಂಪುಗುಂಪಾಗಿ ಬೆಳೆಯುತ್ತದೆ. ಗಾಳಿ ಜೋರಾದರೆ ತಣ್ಣೀರು ಜಾಸ್ತಿ, ತಣ್ಣೀರು ಜಾಸ್ತಿಯಾದರೆ ಈ ಚಿಪ್ಪು ಜಾಸ್ತಿ. ಹಾಗಾಗಿ ಒಂದೊಂದು ಪದರದಲ್ಲಿ ನೂರಕ್ಕೆ ಎಷ್ಟು ಬುಲ್ಲಾಯ್ಡಿಸ್ ಇವೆ ಎಂದು ಎಣಿಸಿದರೆ ಆ ಕಾಲದ ಮುಂಗಾರು ಗಾಳಿಯ ಅಂದಾಜು ಸಿಗುತ್ತದೆ. ಯಾವ ದೊಡ್ಡ ಮೆಷಿನ್ನೂ ಬೇಡ, ಸೂಕ್ಷ್ಮದರ್ಶಕ ಮತ್ತು ಗಟ್ಟಿ ಸೊಂಟ ಸಾಕು. ಖರಗಪುರದ ಐಐಟಿಯಲ್ಲಿದ್ದ ಅನಿಲ್ ಗುಪ್ತಾ ಮತ್ತು ಅವರ ಅಮೆರಿಕದ ಜೊತೆಗಾರರು ಒಮಾನ್ ಹತ್ತಿರ ಕೊರೆದು ತೆಗೆದ ಕೆಸರಿನಲ್ಲಿ ಹೀಗೆ ಎಣಿಸಿ, ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿ ಹೆಚ್ಚಿದ ಕಾಲಗಳಲ್ಲೇ ನಮ್ಮ ಮುಂಗಾರು ಸೊರಗಿತ್ತು ಎಂದು 2003ರಲ್ಲಿ ತೋರಿಸಿದರು.

ಇಡೀ ಚಿತ್ರ ಹೀಗಿದೆ: ಹಿಮಯುಗದಲ್ಲಿ ಮುಂಗಾರು ದುರ್ಬಲ. ಸುಮಾರು 10,000 ವರ್ಷದ ಹಿಂದೆ ಅದು ಈಗಿಗಿಂತ ಜೋರಾಗಿತ್ತು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಈಗ ಜನವರಿಯಲ್ಲಿ, ಆಗ ಜೂನ್-ಜುಲೈ ಹೊತ್ತಿಗೆ ಬರುತ್ತಿತ್ತು, ನೆಲ ಚೆನ್ನಾಗಿ ಕಾಯುತ್ತಿತ್ತು. ಆಮೇಲೆ ನಿಧಾನಕ್ಕೆ ಇಳಿಮುಖ.

ಒಂದು ಎಚ್ಚರಿಕೆ. ಒಮಾನ್‌ನ ಚಿಪ್ಪು ಹೇಳುವುದು ಗಾಳಿಯ ಕಥೆ. ಗಾಳಿ ಬಂದಷ್ಟೇ ಮಳೆ ಬಂದಿರಬೇಕೆಂದಿಲ್ಲ, ಅದು ನಿಮಗೇ ಗೊತ್ತು. ಮಳೆಯನ್ನೇ ಕೇಳಬೇಕಾದರೆ ಈ ಕಡೆ ಬರಬೇಕು. ಕಾಳಿ, ಶರಾವತಿ, ನೇತ್ರಾವತಿ ಕಡಲಿಗೆ ಸುರಿಯುವ ಸಿಹಿನೀರು ಉಪ್ಪನ್ನು ತೆಳುವಾಗಿಸುತ್ತದೆ, ದಡದ ಹತ್ತಿರ ಯಾವ ಜಾತಿಯ ಫೋರಾಮ್ ಬದುಕುತ್ತದೆ ಎನ್ನುವುದೇ ಬದಲಾಗುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಕಾರವಾರದ ಆಚೆಯ ಕೆಸರನ್ನು ಇದಕ್ಕಾಗಿಯೇ ಪರೀಕ್ಷಿಸಿದ್ದಾರೆ.

ಪ್ರಶ್ನೆ: ತಳದಲ್ಲಿ ಹುಳಗಳಿಲ್ಲವೇ? ಅವು ಕೆಸರನ್ನು ಕಲಕುವುದಿಲ್ಲವೇ? ಸುಣ್ಣ ಕರಗುವುದಿಲ್ಲವೇ? ಇಷ್ಟೆಲ್ಲ ನಂಬುವುದು ಹೇಗೆ? (ಶಿರಸಿಯ ನಿವೃತ್ತ ಮೇಷ್ಟ್ರು)

ಮೇಷ್ಟ್ರೇ, ನೀವು ಮೂರು ಪ್ರಶ್ನೆಯಲ್ಲಿ ಇಡೀ ವಿದ್ಯೆಯ ನೋವಿರುವ ಜಾಗಗಳನ್ನೇ ಒತ್ತಿದ್ದೀರಿ. ಹುಳ ಕಲಕುತ್ತವೆ. ಮೇಲಿನ ಹತ್ತು ಸೆಂಟಿಮೀಟರಿನಷ್ಟು ಕೆಸರು ಸದಾ ಕಲಕುತ್ತಲೇ ಇರುತ್ತದೆ, ಕೆಸರು ನಿಧಾನಕ್ಕೆ ಕೂರುವ ಕಡೆ ಅದು ಸಾವಿರಾರು ವರ್ಷವನ್ನು ಒಟ್ಟಿಗೆ ಗೊಟಾಯಿಸಿದ ಹಾಗೆ. ಅಲ್ಲಿ ನೂರು ವರ್ಷದ ಬರಗಾಲವನ್ನು ಹುಡುಕಲು ಹೊರಟವರನ್ನು ನಂಬಬೇಡಿ. ಸುಣ್ಣವೂ ಕರಗುತ್ತದೆ. ನಾಲ್ಕೈದು ಕಿಲೋಮೀಟರಿಗಿಂತ ಆಳದಲ್ಲಿ ಚಿಪ್ಪು ಉಳಿಯುವುದೇ ಕಷ್ಟ, ತೆಳು ಚಿಪ್ಪು ಮೊದಲು ಹೋಗಿ ದಪ್ಪದ್ದು ಉಳಿದರೆ ಎಣಿಕೆಯೂ ವಾಲುತ್ತದೆ. ವಯಸ್ಸು ತಿಳಿಯಲು ಕಾಲ ಕಳೆದಂತೆ ಕಮ್ಮಿಯಾಗುತ್ತಾ ಹೋಗುವ ಕಾರ್ಬನ್ 14 ಇದೆ, ಆದರೆ ಸಮುದ್ರದ ನೀರಿಗೇ ಸುಮಾರು 400 ವರ್ಷದ ಹಳೇತನ ಇರುತ್ತದೆ, ಅದನ್ನು ಕಳೆಯಬೇಕು. ಸುಮಾರು 50,000 ವರ್ಷದಾಚೆಗೆ ಆ ವಿಧಾನ ಕೈಕೊಡುತ್ತದೆ.

ಅದಕ್ಕೇ ಜಾಗ ಆರಿಸುವುದರಲ್ಲೇ ಅರ್ಧ ಕೆಲಸ. ಅರಬ್ಬಿ ಸಮುದ್ರದ ನಡು ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಪಟ್ಟಿ ಒಂದಿದೆ. ಅಲ್ಲಿ ಹುಳಗಳಿಗೆ ಉಸಿರಿಲ್ಲ, ಹಾಗಾಗಿ ಕಲಕುವವರಿಲ್ಲ. ಪಾಕಿಸ್ತಾನದ ಕರಾವಳಿಯಾಚೆ ಇಂಥ ಕೆಸರಿನಲ್ಲಿ ವರ್ಷಕ್ಕೊಂದು ತೆಳು ಪದರ ಹಾಗೇ ಉಳಿದಿದೆ.

ಸಾಕ್ಷಿ ಬೇಕೆಂದರೆ 1976ರ ಕೆಲಸ ನೋಡಿ. ಅಮೆರಿಕದ ವಿಜ್ಞಾನಿಗಳಾದ ಹೇಸ್, ಇಂಬ್ರಿ, ಜೊತೆಗೆ ಅದೇ ಶ್ಯಾಕಲ್ಟನ್, ಮೂವರೂ ಸೇರಿ ದಕ್ಷಿಣ ಹಿಂದೂ ಮಹಾಸಾಗರದ ಎರಡು ಕೆಸರಿನ ಕಂಬಗಳನ್ನು ಅಳೆದರು. ನಾಲ್ಕೂವರೆ ಲಕ್ಷ ವರ್ಷದ ಲೆಕ್ಕ. ಅದರಲ್ಲಿ ಸುಮಾರು 1,00,000, 42,000 ಮತ್ತು 23,000 ವರ್ಷದ ತಾಳ ಸಿಕ್ಕಿತು. ಭೂಮಿಯ ಕಕ್ಷೆ ಮತ್ತು ವಾಲಿಕೆ ಹೀಗೆ ಬದಲಾಗುತ್ತವೆಂದು ಖಗೋಳದವರು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಕೆಸರಿಗೂ ಆಕಾಶಕ್ಕೂ ಲೆಕ್ಕ ಕೂಡಿಬಂತು ಅಂದಮೇಲೆ ಹುಳಗಳು ಎಲ್ಲವನ್ನೂ ಕೆಡಿಸಿಲ್ಲ ಅಂತಾಯಿತು, ಅಲ್ವಾ?

ಪ್ರಶ್ನೆ: ಇಷ್ಟು ಚಿಕ್ಕದನ್ನು ಕೈಯಲ್ಲಿ ಹೇಗೆ ಎತ್ತುತ್ತಾರೆ? ನಾನು ನೋಡಬಹುದಾ? (ಒಂಬತ್ತನೇ ಕ್ಲಾಸಿನ ಹುಡುಗಿ, ಕುಮಟಾ)

ಖಂಡಿತ ನೋಡಬಹುದು ಪುಟ್ಟಿ. ಮಂಡಿಯಲ್ಲಿ ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರಲ್ಲ, ಹಡಗಿನವರು ಕೆಸರು ತೆಗೆಯುವುದೂ ಹಾಗೇ, ಕೊಳವೆ ಮಾತ್ರ ಬಲು ಉದ್ದ. ಆಮೇಲೆ ಆ ಕೆಸರನ್ನು ತುಂಡು ತುಂಡಾಗಿ ಕತ್ತರಿಸಿ, ಬಹಳ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು ಒಣಗಿಸುತ್ತಾರೆ. ಉಳಿದದ್ದನ್ನು ಕಪ್ಪು ತಟ್ಟೆಯಲ್ಲಿ ಹರಡಿ, ಚಿತ್ರ ಬಿಡಿಸುವ ಅತಿ ತೆಳು ಬ್ರಷ್ಷನ್ನು ಒದ್ದೆ ಮಾಡಿ ಒಂದೊಂದೇ ಎತ್ತುವುದು. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ, ಆದರೆ ಸೂಕ್ಷ್ಮದರ್ಶಕದ ಕೆಳಗೆ. ಒಂದು ಪದರಕ್ಕೆ ಮುನ್ನೂರು ಚಿಪ್ಪು ಎಣಿಸುವುದು ವಾಡಿಕೆ. ನಾನೂ ಒಂದು ಬೇಸಿಗೆಯಲ್ಲಿ ಹೀಗೆ ಕೂತಿದ್ದೆ, ಮಧ್ಯಾಹ್ನದವರೆಗೆ ಆರಿಸಿದ್ದೆಲ್ಲ ಒಂದೇ ಸೀನಿಗೆ ಹಾರಿಹೋಯಿತು.

ನೀನು ಹೀಗೆ ಮಾಡು. ಇಳಿತದ ಹೊತ್ತಿನಲ್ಲಿ ಹಿನ್ನೀರಿನ ಕಡೆಯ ನುಣುಪು ಮರಳನ್ನು ಒಂದು ಹಿಡಿ ತಂದು, ಸಿಹಿನೀರಿನಲ್ಲಿ ನಾಲ್ಕೈದು ಸಲ ತೊಳೆದು, ನೆರಳಿನಲ್ಲಿ ಒಣಗಿಸು. ಕಪ್ಪು ಕಾಗದದ ಮೇಲೆ ತೆಳುವಾಗಿ ಉದುರಿಸಿ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ಹುಡುಕು. ಬಸವನಹುಳುವಿನ ಹಾಗೆ ಸುತ್ತಿಕೊಂಡ, ಕೋಣೆ ಕೋಣೆಯಾಗಿರುವ ಬಿಳಿ ಕಾಳು ಕಂಡರೆ ಅದೇ ಇರಬಹುದು. ಮೊದಲ ಸಲ ಸಿಗದಿದ್ದರೆ ಬೇರೆ ಜಾಗದ ಮರಳು ತಾ. ಕೂರುವ ಮೊದಲು ಫ್ಯಾನ್ ಆಫ್ ಮಾಡುವುದನ್ನು ಮಾತ್ರ ಮರೆಯಬೇಡ.